ದಂಡಿನ ದವಸ

ಸೈನ್ಯಬಲದಿಂದ ಒಂದು ಮನೆಯನ್ನು ಕೆಡವಿದಾಗ ಅದರ ಪಾಪವು ಅಪ್ಪಣೆಯಿತ್ತವನಿಗೆ ಮಾತ್ರ ತಗಲುವುದೋ, ಕೆಡಹುವ ಯಂತ್ರವನ್ನು ಮಾರಿ ಲಾಭ ಪಡೆದ ವರ್ತಕನಿಗೂ ಅದರಲ್ಲಿ ಪಾಲುಂಟೋ ಎಂಬ ಪ್ರಶ್ನೆ ಪ್ಯಾಲೆಸ್ತೀನಿನ ನಿಮಿತ್ತವಾಗಿ ಇಂದು ಲೋಕದ ಮುಂದೆ ನಿಂತಿದೆಯಾದರೂ, ಅದನ್ನು ವಿಚಾರಮಾಡುವುದಕ್ಕೆ ಶ್ರೀರಂಗಪಟ್ಟಣದ ಸೀಮೆಗಿಂತ ತಕ್ಕ ಸ್ಥಳ ವಿರಳ. ಏಕೆಂದರೆ ಇಲ್ಲಿಗೆ ದಂಡೆತ್ತಿ ಬಂದದ್ದೇ ಷೇರುದಾರರಿಗೆ ಲಾಭಾಂಶ ಹಂಚುತ್ತಿದ್ದ ಒಂದು ಕಂಪನಿ. 1799ರ ಮೇ 4ರಂದು ಕೋಟೆ ಬಿದ್ದು, ಪಟ್ಟಣ ಸೂರೆಯಾಗಿ, ಮುಂದೆ ಟಿಪ್ಪುವಿನ ಅರಮನೆಯ ತೊಲೆಗಳು ಉದಕಮಂಡಲದ ಸೇಂಟ್ ಸ್ಟೀಫನ್ಸ್ ಇಗರ್ಜಿಯ ಮಾಡನ್ನು ಹೊರಲು ಹೋದವು. ಅರಸನ ಮನೆಯಾದ್ದರಿಂದ ಅದರ ತೊಲೆಗೂ ಚರಿತ್ರೆಯುಂಟು.

ನಮ್ಮ ಪ್ರಶ್ನೆಗೆ ಹೆಚ್ಚು ಬೆಳಕು ಚೆಲ್ಲುವುದು ಈ ಜಯವಲ್ಲ, ಎಂಟು ವರ್ಷ ಮೊದಲಿನ ಒಂದು ಹಿಮ್ಮೆಟ್ಟುವಿಕೆ. 1791ರ ಮೇ 15ರಂದು ಅರಕೆರೆಯ ಬಳಿ ಕಾದಾಡಿ ಗೆದ್ದ ಕಂಪನಿಯ ಸೇನಾಪತಿ ಕಾರ್ನ್‌ವಾಲಿಸನು, ರಾಜಧಾನಿ ಕಣ್ಣೆದುರಿಗೇ ಇದ್ದರೂ ಮುತ್ತಿಗೆ ಹಾಕಲಾರದೆ ಹೋದನು. ದವಸ ತೀರಿತ್ತು, ಮೇವಿಲ್ಲದೆ ಎತ್ತುಗಳು ಸಾಯುತ್ತಿದ್ದವು, ಎಳೆಯುವವಿಲ್ಲದ ಭಾರಿ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾನೇ ಒಡೆಸಿ ಹಿಂದಿರುಗಬೇಕಾಯಿತು. ದಾರಿಯಲ್ಲಿ ಎದುರಾದ ಮಿತ್ರರಾದ ಮರಾಠರ ದಂಡಿನ ಬಜಾರು ದುಬಾರಿ ಬೆಲೆಗೆ ಧಾನ್ಯ ಮಾರಿ ಅವನ ಸೈನಿಕರ ಪ್ರಾಣ ಉಳಿಸಿತು. ಮರುವರ್ಷ ಬಂಜಾರರ ಎತ್ತುಗಳ ಮೇಲೆ ಧಾನ್ಯ ಹೇರಿಸಿಕೊಂಡು ಬಂದ ಅದೇ ಸೇನಾಪತಿ ಟಿಪ್ಪುವಿನ ಅರ್ಧರಾಜ್ಯವನ್ನು ಬರೆಸಿಕೊಂಡನು. ದವಸವುಳ್ಳ ದಂಡು ಏನು ಮಾಡೀತೆಂಬುದಕ್ಕೆ ಸಾಕ್ಷಿಯಾಗಿ, ಅದೇ ಯುದ್ಧದಲ್ಲಿ ಮರಾಠ ಸರದಾರ ಪರಶುರಾಮ ಭಾವುವಿನ ದಂಡು ನಾಗಮಂಗಲವನ್ನು ಹಾಳುಗೆಡವಿತು.  ಸೇನೆಯೆಂಬುದು ಖಡ್ಗದ ಬಲದ ಮೇಲೆಷ್ಟೋ ಸರಬರಾಜಿನ ಬಲದ ಮೇಲೂ ಅಷ್ಟೇ ನಿಂತಿರುವುದಾದರೆ, ಆಯುಧ ಹಿಡಿಯಲೊಲ್ಲದ ಪ್ರತಿಭಟನಕಾರನು ಸರಬರಾಜಿನವನ ಬಾಗಿಲಿಗೆ ಹೋಗಿ ಪ್ರಶ್ನಿಸುವುದು ಅಪ್ರಸ್ತುತವೆನ್ನಲಾಗದು.

ಬಂಜಾರರನ್ನು ನಾನು ದೂಷಿಸಲಾರೆ. ಯಾರ ದಂಡು ದಾರಿಯಲ್ಲಿ ಸಿಕ್ಕರೂ ಅವರಿಗೆ ಮಾರಿ ಬದುಕಬೇಕಾದ ಅಲೆಮಾರಿಗಳಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವೆಷ್ಟಿದ್ದೀತು? ಹೊಣೆಯನ್ನು ಅಳೆಯಬೇಕಾದದ್ದು ಮಾರಾಟದ ಮಾತ್ರದಿಂದಲ್ಲ, ಮಾರುವವನ ಅರಿವಿನಿಂದಲೂ ಒಲ್ಲೆನೆನ್ನಬಲ್ಲ ಅವನ ಸಾಮರ್ಥ್ಯದಿಂದಲೂ ಆಗಿದೆ. ಕುಡುಗೋಲಿನಿಂದ ಒಬ್ಬನು ನೆರೆಯವನನ್ನು ಕಡಿದರೆ ಕಮ್ಮಾರನೇನು ಮಾಡಿಯಾನು ಎಂಬ ವಾದ ಒಂದು ಸಲಕ್ಕೆ ಸರಿ. ಅದೇ ಗಿರಾಕಿ, ಎಲ್ಲರೂ ಬಂದು ಎಚ್ಚರಿಸಿದ ಮೇಲೂ, ಅದೇ ಕುಡುಗೋಲನ್ನು ಮತ್ತೆ ಮತ್ತೆ ಸಾಣೆಗೆ ತಂದರೆ ಆ ವಾದ ನಿಲ್ಲುವುದಿಲ್ಲ.

2003ರ ಮಾರ್ಚ್ 16ರಂದು ಗಾಜಾದ ರಫಾದಲ್ಲಿ, ಒಂದು ಕುಟುಂಬದ ಮನೆಯನ್ನು ಕಾಯಲು ಇಸ್ರೇಲಿ ಸೇನೆಯ ಬುಲ್ಡೋಜರಿಗೆ ಎದುರಾಗಿ ನಿಂತ ಅಮೆರಿಕದ ರೇಚಲ್ ಕೋರಿ ಎಂಬ ಇಪ್ಪತ್ತಮೂರರ ತರುಣಿ ಅದರಡಿ ಸಿಕ್ಕಿ ಮಡಿದಳು. ಚಾಲಕನಿಗೆ ಆಕೆ ಕಾಣಲಿಲ್ಲವೆಂದೂ ಅದು ಅಪಘಾತವೆಂದೂ ಇಸ್ರೇಲಿನ ನ್ಯಾಯಾಲಯ 2012ರಲ್ಲಿ ತೀರ್ಪಿತ್ತಿತು. ಯಂತ್ರ ತಯಾರಿಸಿದ ಕ್ಯಾಟರ್‌ಪಿಲ್ಲರ್ ಕಂಪನಿಯ ಮೇಲೆ ತಂದೆತಾಯಿಗಳೂ ಪ್ಯಾಲೆಸ್ತೀನೀ ಕುಟುಂಬಗಳೂ ಹೂಡಿದ ದಾವೆಯನ್ನು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2007ರಲ್ಲಿ ತಳ್ಳಿಹಾಕಿತು. ಯಂತ್ರಗಳ ಹಣವನ್ನು ಕೊಟ್ಟದ್ದು ಅಮೆರಿಕದ ಸರ್ಕಾರವಾದ್ದರಿಂದ, ಈ ವಿಚಾರಣೆ ವಿದೇಶನೀತಿಯ ವಿಚಾರಣೆಯಾದೀತು ಎಂಬುದು ಅದರ ತರ್ಕ. ಸರ್ಕಾರವು ಕಂಪನಿಗೆ ಮರೆಯಾಯಿತು. ನ್ಯಾಯಾಸ್ಥಾನದ ಬಾಗಿಲು ಹೀಗೆ ಮುಚ್ಚಿದಾಗ ಷೇರುದಾರರ ಸಭೆ, ಪಿಂಚಣಿ ನಿಧಿಯ ಲೆಕ್ಕಪುಸ್ತಕ, ಕೊಳ್ಳುವವನ ಕೈಚೀಲ ಇವೇ ಸತ್ಯಾಗ್ರಹದ ಕ್ಷೇತ್ರಗಳಾಗುತ್ತವೆ. ಫಲ ಬೇಗ ಬರುವುದಿಲ್ಲ: ಮನೆಗಳ ಧ್ವಂಸದಲ್ಲಿ ಅದರ ಯಂತ್ರಗಳು ಬಳಕೆಯಾಗುತ್ತಿವೆಯೆಂಬ ಕಾರಣದಿಂದ ನಾರ್ವೆಯ ಸರ್ಕಾರೀ ನಿಧಿಯು ಕ್ಯಾಟರ್‌ಪಿಲ್ಲರ್ ಷೇರುಗಳನ್ನು ಕೈಬಿಡುವುದಾಗಿ ಸಾರಿದ್ದು 2025ರ ಆಗಸ್ಟಿನಲ್ಲಿ.

ಬಹಿಷ್ಕಾರವೂ ಒಂದು ಬಗೆಯ ಬಲಾತ್ಕಾರವೇ, ಅದು ಒಂದು ಜನಾಂಗದ ಮೇಲಣ ದ್ವೇಷಕ್ಕೆ ಇಳಿಯಬಹುದೆಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಆದರೆ ಮನೆ ಕೆಡಹುವುದನ್ನು ವಿರೋಧಿಸುವ ಸಮಿತಿಯನ್ನು 1997ರಲ್ಲಿ ಕಟ್ಟಿದವರು ಇಸ್ರೇಲಿಗಳೇ; ಕೆಡವಿದ ಪ್ಯಾಲೆಸ್ತೀನೀ ಮನೆಗಳನ್ನು ಆ ಮನೆಯವರೊಡನೆ ಸೇರಿ ಮತ್ತೆ ಕಟ್ಟುವುದು ಅವರು ಹಿಡಿದ ಮಾರ್ಗ. ಕೊಳ್ಳದಿರುವುದಕ್ಕಿಂತ ಇದು ಕಠಿನತರವಾದ ಸಾಧನೆಯೆಂದು ನನ್ನ ಎಣಿಕೆ. ಕಲ್ಲಿನ ಮೇಲೆ ಕಲ್ಲಿಡುವಾಗ ಪ್ರತಿಭಟನೆಗೆ ದ್ವೇಷಿಸಲು ಪುರುಸೊತ್ತಿರದು.

ಪರರಾಷ್ಟ್ರದ ಯಂತ್ರವನ್ನು ನಿಂದಿಸುವುದು ನಮಗೆ ಸುಲಭ. ನಮ್ಮ ದೇಶದಲ್ಲಿ ನಡೆದ ಕೆಡಹುವಿಕೆ ಸೇನೆಯ ಆಕ್ರಮಣವಲ್ಲವೆಂಬುದು ನಿಜವಾದರೂ, ಆರೋಪಿಯ ಮನೆಯನ್ನು ಶಿಕ್ಷೆಯ ರೂಪದಲ್ಲಿ ಉರುಳಿಸುವುದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು 2024ರ ನವೆಂಬರ್ 13ರಂದು ಹೇಳಬೇಕಾಯಿತು. ಹದಿನೈದು ದಿನಗಳ ನೋಟೀಸನ್ನು ವಿಧಿಸಿ, ಮೀರಿದ ಅಧಿಕಾರಿ ಸ್ವಂತ ಖರ್ಚಿನಿಂದ ಕಟ್ಟಿಸಿಕೊಡಬೇಕೆಂದಿತು. ಗಂಟೆಯ ಬಾಡಿಗೆಗೆ ಜೆಸಿಬಿ ಕಳುಹಿಸುವ ಮಾಲೀಕನು ಆ ನೋಟೀಸು ಎಲ್ಲಿದೆಯೆಂದು ಮೊದಲು ಕೇಳಿದರೆ ಯಾವ ಕಾನೂನೂ ಅವನನ್ನು ತಡೆಯುವುದಿಲ್ಲ.