ಬಾಲಮಂದಿರದ ಗೇಟು ದಾಟುವ ಮುನ್ನ

ಬಾಲಮಂದಿರದಲ್ಲಿ ಬೆಳೆದು 18 ತುಂಬಿ ಹೊರಬೀಳುವವರಿಗೆ ಸರ್ಕಾರ ಏನನ್ನೂ ಕೊಡುತ್ತಿಲ್ಲ ಎಂದು ದೂರುವುದು ಸುಲಭ. ಕಾಗದದ ಮೇಲೆ ಆ ದೂರು ನಿಲ್ಲುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಅವರಿಗೆ ಹಣಕಾಸಿನ ನೆರವು ನೀಡಲು ಅವಕಾಶ ಮಾಡಿದೆ. ಮರುವರ್ಷ ಬಂದ ಮಾದರಿ ನಿಯಮಗಳಲ್ಲಿ ಆರೆಂಟು ಮಂದಿ ಒಟ್ಟಿಗೆ ಇರುವಂಥ ತಾತ್ಕಾಲಿಕ ವಸತಿ, ವೃತ್ತಿ ತರಬೇತಿ, ಸ್ವಂತ ಉದ್ಯೋಗಕ್ಕೆ ಸಾಲ ಎಲ್ಲವೂ ಇವೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಮಾರ್ಗಸೂಚಿ ಪ್ರಕಾರ, ಹೊರಬಂದ ಮೇಲಿನ ಅನುಪಾಲನೆಗೆ ತಿಂಗಳಿಗೆ 4,000 ರೂಪಾಯಿ, ಅದೂ 21 ವರ್ಷ ಆಗುವವರೆಗೆ. ಇದು ಎಷ್ಟು ಜನರಿಗೆ ತಲುಪುತ್ತಿದೆ ಎಂಬುದು ಬೇರೆ ಜಗಳ, ಆ ಜಗಳ ಆಡಲೇಬೇಕು. ಆದರೆ ನನಗೆ ಕಾಣುವ ದೊಡ್ಡ ಕೊರತೆ 18ರ ಆಚೆಗಿಲ್ಲ, ಈಚೆಗಿದೆ. ಸ್ವಂತ ಕಾಲ ಮೇಲೆ ನಿಲ್ಲುವುದನ್ನು ಕಲಿಯಬೇಕಾದ ವರ್ಷಗಳಲ್ಲೇ ಈ ಮಕ್ಕಳಿಗೆ ಯಾವ ತೀರ್ಮಾನವನ್ನೂ ಬಿಟ್ಟುಕೊಡದೆ ನಾವು ಬೆಳೆಸುತ್ತಿದ್ದೇವೆ.

ಸಂಸ್ಥೆಯೊಳಗಿನ ದಿನಚರಿಯನ್ನೇ ನೋಡಿ. ಏಳುವುದಕ್ಕೂ ಮಲಗುವುದಕ್ಕೂ ಗಂಟೆ ಬಾರಿಸುತ್ತದೆ. ತಿಂಡಿ ಏನೆಂಬುದು ಪಟ್ಟಿಯಲ್ಲಿರುತ್ತದೆ, ಸೋಪು ಟೆಂಡರಿನಲ್ಲಿ ಬರುತ್ತದೆ, ಬಟ್ಟೆ ದಾನಿಗಳಿಂದ ಬರುತ್ತದೆ. ಎಷ್ಟೇ ಬಡವರ ಮನೆಯಾದರೂ ಹತ್ತು ವರ್ಷದ ಹುಡುಗಿಯ ಕೈಗೆ ಇಪ್ಪತ್ತು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸುತ್ತಾರೆ. ಚಿಲ್ಲರೆ ಕಡಿಮೆ ತಂದರೆ ಬೈಸಿಕೊಂಡು ಮುಂದಿನ ಸಲ ಎಣಿಸಿ ತರುತ್ತಾಳೆ. ಬಾಲಮಂದಿರದ ಹುಡುಗಿಗೆ ಆ ಬೈಗುಳ ತಿನ್ನುವ ಅವಕಾಶವೂ ಇಲ್ಲ. ಅಂಥವಳು 18 ತುಂಬಿದ ಮೇಲೆ ಬಾಡಿಗೆ ಕೋಣೆ ಹುಡುಕಿ, ಅಡ್ವಾನ್ಸ್ ಹೊಂದಿಸಿ, ಸಂಬಳವನ್ನು ತಿಂಗಳ ಕೊನೆಯವರೆಗೆ ಎಳೆಯಬೇಕು. ನಾಡಕಚೇರಿಗೆ ಹೋದರೆ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಮನೆಯವರ ದಾಖಲೆ ಕೇಳುತ್ತಾರೆ. ಪಡಿತರ ಚೀಟಿಯಲ್ಲಿ ಹೆಸರಿರಲು ಕುಟುಂಬ ಬೇಕು. ಆಧಾರ್‌ನಲ್ಲಿ ಇರುವುದು ಬಾಲಮಂದಿರದ ವಿಳಾಸ. ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್ ಹಿಂದೆಂದೋ ಇದ್ದ ಸಿಬ್ಬಂದಿಯದ್ದಾಗಿದ್ದರೆ ಒಟಿಪಿ ಯಾರಿಗೆ ಹೋಗುತ್ತದೆ?

ಇದನ್ನು ಸರಿಪಡಿಸಲು ಹೊಸ ಕಾನೂನು ಬೇಕಿಲ್ಲ. ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಇರಲೇಬೇಕೆಂದು ಕಾಯ್ದೆಯೇ ಹೇಳುತ್ತದೆ. ಅದನ್ನು ಫೈಲಿಗೆ ಸೇರಿಸುವ ನಮೂನೆ ಎಂದು ಬಗೆಯದೆ, 14ನೇ ವರ್ಷದಿಂದಲೇ ಮಗುವನ್ನು ಎದುರು ಕೂರಿಸಿಕೊಂಡು ಬರೆದರೆ ಅರ್ಧ ಕೆಲಸ ಮುಗಿದಂತೆ. ಹತ್ತು ವರ್ಷ ಮೀರಿದ ಮಕ್ಕಳು ಸ್ವತಂತ್ರವಾಗಿ ಉಳಿತಾಯ ಖಾತೆ ನಡೆಸಲು ರಿಸರ್ವ್ ಬ್ಯಾಂಕ್ 2014ರಲ್ಲೇ ದಾರಿ ಮಾಡಿಕೊಟ್ಟಿದೆ. ಖಾತೆ ತೆರೆದು, ತಿಂಗಳಿಗೆ ಸಣ್ಣದೊಂದು ಮೊತ್ತ ಹಾಕಿ, ತಮ್ಮ ಸೋಪು, ಪೆನ್ನು, ಚಪ್ಪಲಿಯನ್ನು ತಾವೇ ಕೊಳ್ಳಲಿ. ಮೊದಲ ವಾರವೇ ಎಲ್ಲ ದುಡ್ಡು ಕುರುಕಲು ತಿಂಡಿಗೆ ಹೋದೀತು. ಹೋಗಲಿ, 15ರಲ್ಲಿ ಮುನ್ನೂರು ರೂಪಾಯಿ ಕಳೆದುಕೊಂಡರೆ ರಾತ್ರಿ ಊಟವಂತೂ ಸಿಗುತ್ತದೆ. ವಾರಕ್ಕೊಂದು ದಿನ ಅಡುಗೆಮನೆ ಅವರ ಕೈಗಿರಲಿ. ಬಸ್ಸು ಹಿಡಿದು ನಾಡಕಚೇರಿಗೆ ಹೋಗಿ ತಮ್ಮ ಅರ್ಜಿ ತಾವೇ ಕೊಡಲಿ, ಪಕ್ಕದಲ್ಲಿ ಸಿಬ್ಬಂದಿಯೊಬ್ಬರು ನಿಂತಿದ್ದರೆ ಸಾಕು.

ಅಧೀಕ್ಷಕರ ಆಕ್ಷೇಪ ಇಲ್ಲೇ ಶುರುವಾಗುತ್ತದೆ, ಅದು ಹುಸಿಯಲ್ಲ. ಹೊರಗೆ ಹೋದ ಹುಡುಗ ವಾಪಸ್ ಬರದಿದ್ದರೆ ಸ್ಟೇಷನ್‌ಗೆ ಅಲೆಯುವವರು ಅವರು, ನೋಟಿಸ್ ಬರುವುದೂ ಅವರಿಗೇ. ಹಾಗಾಗಿ ಬೀಗವೇ ಕ್ಷೇಮ ಎನಿಸುತ್ತದೆ. ಈ ಭಯ ಹೋಗಬೇಕಾದರೆ ಹೊರಗೆ ಕಳಿಸುವ ನಿರ್ಧಾರಕ್ಕೆ ಅವರೊಬ್ಬರೇ ಹೊಣೆಯಾಗಬಾರದು. ಪಾಲನಾ ಯೋಜನೆಯಲ್ಲೇ ಅದನ್ನು ಬರೆದು ಮಕ್ಕಳ ಕಲ್ಯಾಣ ಸಮಿತಿ ಒಪ್ಪಿಗೆ ಕೊಟ್ಟರೆ ಹೊಣೆ ಹಂಚಿಹೋಗುತ್ತದೆ. ಬಡವರ ಮಕ್ಕಳೆಲ್ಲ 18ಕ್ಕೇ ದುಡಿಯುವಾಗ ಇವರಿಗೇಕೆ ವಿಶೇಷ ಎನ್ನುವವರೂ ಇದ್ದಾರೆ. ಆ ಮಕ್ಕಳೂ ಎಡವುತ್ತಾರೆ, ನಿಜ. ಆದರೆ ಕೆಲಸ ಹೋದರೆ ಊರಿಗೆ ಮರಳುತ್ತಾರೆ, ಚಿಕ್ಕಪ್ಪನೋ ಅತ್ತೆಯೋ ಒಂದು ತಿಂಗಳು ಇಟ್ಟುಕೊಳ್ಳುತ್ತಾರೆ. ಬಾಲಮಂದಿರದ ಮಗುವನ್ನು ಅಲ್ಲಿಗೆ ಸೇರಿಸಿದ್ದು ಸಮಿತಿಯ ಆದೇಶ. ಆದೇಶ ಹೊರಡಿಸಿ ಪೋಷಕನ ಸ್ಥಾನದಲ್ಲಿ ನಿಂತ ಸರ್ಕಾರ, ಹುಟ್ಟುಹಬ್ಬದ ದಿನ ಆ ಸ್ಥಾನದಿಂದ ಎದ್ದು ಹೋಗುವಂತಿಲ್ಲ.

ಹಾಗಿದ್ದರೆ ಇನ್ನಷ್ಟು ವರ್ಷ ಒಳಗೇ ಇಟ್ಟುಕೊಂಡರಾಯಿತಲ್ಲ ಎಂಬ ಪ್ರಶ್ನೆಗೆ ಅಮೆರಿಕದಿಂದ ಒಂದು ಉತ್ತರ ಇದೆ. ಅಲ್ಲಿ ಇಂಥ ಮಕ್ಕಳು ಹೆಚ್ಚಾಗಿ ಸಾಕು ಕುಟುಂಬಗಳಲ್ಲಿ ಬೆಳೆಯುತ್ತಾರೆ. ಷಿಕಾಗೊ ವಿಶ್ವವಿದ್ಯಾಲಯದ ಮಾರ್ಕ್ ಕೋರ್ಟ್ನಿ ಮತ್ತು ಸಂಗಡಿಗರು ಇಲಿನಾಯ್, ಅಯೋವಾ, ವಿಸ್ಕಾನ್ಸಿನ್ ರಾಜ್ಯಗಳ 700ಕ್ಕೂ ಹೆಚ್ಚು ಮಕ್ಕಳನ್ನು 17ರಿಂದ 26ರ ವಯಸ್ಸಿನವರೆಗೆ ಬೆನ್ನುಹತ್ತಿ ಅಧ್ಯಯನ ಮಾಡಿದರು. 21ರವರೆಗೆ ಆಸರೆ ಸಿಗುತ್ತಿದ್ದ ಇಲಿನಾಯ್‌ನಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಹೆಚ್ಚು. ಆಸರೆ ಕೊಟ್ಟರೆ ಸೋಮಾರಿಗಳಾಗುತ್ತಾರೆ ಎಂಬ ಮಾತಿಗೆ ಇದು ಉತ್ತರ. ಆದರೆ ಅದೇ ಅಧ್ಯಯನದ ಇನ್ನೊಂದು ಮುಖ ಕಹಿಯಾದದ್ದು: ತಲೆ ಮೇಲೆ ಸೂರಿಲ್ಲದ ಸ್ಥಿತಿ ಅಲ್ಲಿ ಮುಂದಕ್ಕೆ ಹೋಯಿತೇ ಹೊರತು ತಪ್ಪಲಿಲ್ಲ. ವರ್ಷ ಕೂಡಿಸುವುದು ಬೇಕು, ಅದಷ್ಟೇ ಸಾಲದು. ಇಂಗ್ಲೆಂಡಿನಲ್ಲಿ ಹೀಗೆ ಹೊರಬಂದವರು ಬಯಸಿದರೆ 25 ವರ್ಷದವರೆಗೂ ಹೆಸರು ಹಿಡಿದು ಫೋನ್ ಮಾಡಬಹುದಾದ ಸಲಹೆಗಾರರೊಬ್ಬರು ಇರುವಂತೆ 2017ರ ಕಾಯ್ದೆ ವ್ಯವಸ್ಥೆ ಮಾಡಿತು. ನಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳಲ್ಲಿ ಅಂಥ ಒಂದು ಹುದ್ದೆ ಹುಟ್ಟಬೇಕು. ಆ ಹುದ್ದೆಯಲ್ಲಿರುವವರ ಕೆಲಸ ಮಗು ದ್ವಿತೀಯ ಪಿಯುಸಿ ಮುಗಿಸಿ ಹೊರಬಂದಾಗ ಶುರುವಾಗದೆ, ಅದು ಎಂಟನೇ ತರಗತಿಯಲ್ಲಿ ಇರುವಾಗಲೇ ಮೊದಲ ಭೇಟಿಯಿಂದ ಶುರುವಾಗಬೇಕು.