ಫೋಟೋ ಹಗುರವಾಗಲಿ, ಹೊರೆ ಓದುಗರ ತಲೆಗೆ ಬೇಡ

ಫೋಟೋ ಯಾವ ಫಾರ್ಮ್ಯಾಟಿನಲ್ಲಿ ಹಾಕಬೇಕು ಎಂಬ ವಿಷಯದಲ್ಲಿ ನಮ್ಮ ಕಡೆ ಸುದ್ದಿ ಜಾಲತಾಣ ನಡೆಸುವವರು ಎರಡು ಪಂಗಡ. ಎಲ್ಲವನ್ನೂ ಹೊಸ ವೆಬ್‌ಪಿಗೋ ಎವಿಐಎಫ್‌ಗೋ ಬದಲಿಸಿ, ಹಳೆಯದನ್ನು ಅಳಿಸಿಬಿಡಿ ಎನ್ನುವವರು ಒಂದು ಕಡೆ. ಜೆಪಿಜಿ ಇರುವಾಗ ಬೇರೆ ಎಂತಕ್ಕೆ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಲೆಕ್ಕ ಹಾಕುವುದು ತಮ್ಮ ಸರ್ವರ್ ಬಾಡಿಗೆಯನ್ನು. ಓದುವವರ ಡೇಟಾ ಪ್ಯಾಕಿನ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಮೊದಲು ಜೆಪಿಜಿಯವರಿಗೆ. ಅದು 1992ರ ಫಾರ್ಮ್ಯಾಟ್, ಎಲ್ಲ ಕಡೆ ತೆರೆಯುತ್ತದೆ, ಒಪ್ಪಿದೆವು. ಆದರೆ ನೀವು ಮೊಬೈಲಿನಲ್ಲಿ ತೆಗೆದ 4 ಎಂಬಿ ಫೋಟೋವನ್ನು ಇದ್ದ ಹಾಗೆಯೇ ಏರಿಸುತ್ತೀರಿ. ಆಟದ ವರದಿಗೆ ಆರು ಫೋಟೋ ಹಾಕಿದರೆ 24 ಎಂಬಿ. ಕುಂದಾಪುರ ಪೇಟೆಯಲ್ಲಿ ಕೂತವರಿಗೆ ಇದರ ಬಿಸಿ ತಟ್ಟುವುದಿಲ್ಲ. ಜಡ್ಕಲ್, ಮುದೂರು, ಅಮಾಸೆಬೈಲು ಕಡೆ ಘಟ್ಟದ ಬುಡದಲ್ಲಿ ಸಿಗ್ನಲ್ ಹುಡುಕುವವರಿಗೆ ತಟ್ಟುತ್ತದೆ. ಮೇಲಿನಿಂದ ಇಳಿಯುತ್ತ ಕಿರೀಟ ಕಾಣುವಷ್ಟರಲ್ಲಿ ನೆಟ್ ಹೋಗಿರುತ್ತದೆ, ವೇಷದ ಮುಖ ಬರುವುದೇ ಇಲ್ಲ. ಹೆಚ್ಚಿನ ಮೊಬೈಲ್ ಪರದೆಯ ಅಗಲ 1080 ಪಿಕ್ಸೆಲ್ ಆಸುಪಾಸು, ನೀವು ಕಳಿಸುವ ಫೋಟೋದ್ದು 4000. ಅದನ್ನು 1200ಕ್ಕೆ ಇಳಿಸಿದರೆ ಎಂಬಿ ಹೋಗಿ ಕೆಬಿ ಆಗುತ್ತದೆ. ಇಷ್ಟಕ್ಕೆ ಹೊಸ ಫಾರ್ಮ್ಯಾಟೂ ಬೇಡ, ಎರಡು ನಿಮಿಷದ ಕೆಲಸ.

ಅದರ ಮೇಲೆ ವೆಬ್‌ಪಿ. 2010ರಲ್ಲಿ ಗೂಗಲ್ ತಂದದ್ದು. ಅದೇ ಗುಣಮಟ್ಟದ ಜೆಪಿಜಿಗಿಂತ ಶೇ. 25ರಿಂದ 34ರಷ್ಟು ಚಿಕ್ಕದು ಎಂಬುದು ಗೂಗಲ್ಲಿನದೇ ಲೆಕ್ಕ. ತನ್ನ ಮಗುವನ್ನು ತಾನೇ ಹೊಗಳಿಕೊಂಡದ್ದು ಎಂದು ಸ್ವಲ್ಪ ಕಳೆದರೂ ಲಾಭವೇ. ವಾಟ್ಸ್‌ಆ್ಯಪ್ ಸ್ಟಿಕ್ಕರ್ ಹೆಚ್ಚಾಗಿ ವೆಬ್‌ಪಿಯೇ. ವರ್ಡ್‌ಪ್ರೆಸ್ 2021ರಿಂದ ವೆಬ್‌ಪಿಯನ್ನು, 2024ರಿಂದ ಎವಿಐಎಫ್ ಅನ್ನು ಒಪ್ಪುತ್ತದೆ. ಹಾಗಾಗಿ ನಾವು ಹೊಸದರ ಪರ.

ಪರ ಅಂದ ಕೂಡಲೇ ಅಳಿಸುವ ಪಂಗಡದವರು ಹಿಗ್ಗುವುದು ಬೇಡ. ನಮ್ಮೂರಲ್ಲಿ ಸುದ್ದಿಯ ಫೋಟೋ ನೋಡಿ ಬಿಡುವ ವಸ್ತುವಲ್ಲ. ಮಗಳು ಕ್ರೀಡಾಕೂಟದಲ್ಲಿ ಗೆದ್ದ ಫೋಟೋ ಫ್ಲೆಕ್ಸ್ ಆಗಬೇಕು. ತೀರಿಹೋದ ಅಜ್ಜಯ್ಯನ ಸನ್ಮಾನದ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕು. ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿರುವುದು ಹಳೆ ಫೋಟೋಶಾಪ್. ಫೋಟೋಶಾಪ್ ವೆಬ್‌ಪಿಯನ್ನು ನೇರವಾಗಿ ತೆರೆಯಲು ಕಲಿತದ್ದೇ 2022ರಲ್ಲಿ. "ಇದ್ ಓಪನ್ ಆತಿಲ್ಲೆ ಮಾರ್ರೆ, ಜೆಪಿಜಿ ತನ್ನಿ" ಎಂದು ಅಲ್ಲಿಂದ ವಾಪಸ್. ಜಾಲತಾಣದವರನ್ನು ಕೇಳಿದರೆ ಮೂಲ ಫೋಟೋ ಅಳಿಸಿ ಆಗಿದೆ. ಉಳಿದದ್ದು ಎರಡು ಸಲ ಹಿಂಡಿದ ಪ್ರತಿ. ಹಿಂಡುವಾಗ ಹೋದ ವಿವರ ಯಾವ ಆ್ಯಪ್ ಹಾಕಿದರೂ ಮರಳಿ ಬರುವುದಿಲ್ಲ.

ಈ ಜಗಳಕ್ಕೆ ಮದ್ದು ಆಗಬಹುದಾಗಿದ್ದದ್ದು ಜೆಪೆಗ್ ಎಕ್ಸ್‌ಎಲ್ ಎಂಬ ಫಾರ್ಮ್ಯಾಟ್. ಇರುವ ಜೆಪಿಜಿಯನ್ನು ಶೇ. 20ರಷ್ಟು ಕುಗ್ಗಿಸಿ ಇಟ್ಟುಕೊಂಡು, ಬೇಕಾದಾಗ ಒಂದು ಬೈಟ್ ವ್ಯತ್ಯಾಸವಿಲ್ಲದೆ ಅದೇ ಜೆಪಿಜಿಯನ್ನು ವಾಪಸ್ ಕೊಡುತ್ತದೆ. ಗೂಗಲ್ಲಿನ ಎಂಜಿನಿಯರುಗಳೂ ಸೇರಿ ಮಾಡಿದ್ದು. ಸಾಕಷ್ಟು ಆಸಕ್ತಿ ಕಾಣುತ್ತಿಲ್ಲ ಎಂದು 2022ರಲ್ಲಿ ಅದೇ ಗೂಗಲ್ಲಿನ ಕ್ರೋಮ್ ತಂಡ ಅದನ್ನು ಕೈಬಿಡುವುದಾಗಿ ಹೇಳಿತು. ಆ್ಯಪಲ್ 2023ರಲ್ಲಿ ತನ್ನ ಸಫಾರಿಗೆ ಸೇರಿಸಿಕೊಂಡಿತು, ಆದರೆ ನಮ್ಮವರ ಕೈಯಲ್ಲಿ ಹೆಚ್ಚಾಗಿ ಇರುವುದು ಆಂಡ್ರಾಯ್ಡ್, ಅದರಲ್ಲಿ ಕ್ರೋಮ್. ಆಸಕ್ತಿ ಇಲ್ಲವೆಂದು ಯಾರನ್ನು ಕೇಳಿದರೋ. ಬೈಂದೂರಿನ ಸ್ಟುಡಿಯೊದವರನ್ನಂತೂ ಕೇಳಿಲ್ಲ.

ದೊಡ್ಡವರ ಮನಸ್ಸು ನೋಡಿಕೊಂಡು ಕೂರುವ ಅಗತ್ಯವಿಲ್ಲ. ಪುಟದಲ್ಲಿ ಸಣ್ಣ ಅಳತೆಯ ವೆಬ್‌ಪಿ ತೋರಿಸಿ. ಕೆಳಗೆ 'ಜೆಪಿಜಿ ಇಳಿಸಿಕೊಳ್ಳಿ' ಎಂಬ ಕೊಂಡಿ ಕೊಟ್ಟು, ಎಷ್ಟು ಎಂಬಿ ಎಂದೂ ಬರೆಯಿರಿ. ಬೇಕಾದವರು ಒತ್ತುತ್ತಾರೆ, ಅವರ ಡೇಟಾ ಮಾತ್ರ ಖರ್ಚಾಗುತ್ತದೆ. ಮೂಲ ಫೋಟೋ ಹಾರ್ಡ್‌ಡಿಸ್ಕಿನಲ್ಲಿ ಊರಿನ ಹೆಸರು, ತಾರೀಕು ಸಹಿತ ಇರಲಿ.

ಅಲ್ಲಿಯವರೆಗೆ, ಬ್ರಹ್ಮಾವರದಿಂದ ಶಿರೂರಿನವರೆಗಿನ ಓದುಗರೇ, ನಿಮ್ಮ ಮನೆಯವರ ಫೋಟೋ ಸುದ್ದಿಯಲ್ಲಿ ಬಂದರೆ ಅದೇ ವಾರ ವರದಿಗಾರರಿಗೆ ಫೋನ್ ಮಾಡಿ ಮೂಲ ಪ್ರತಿ ಕೇಳಿ. ವಾಟ್ಸ್‌ಆ್ಯಪಿನಲ್ಲಿ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ ಎನ್ನಿ. ಫೋಟೋ ಆಗಿ ಬಂದರೆ ವಾಟ್ಸ್‌ಆ್ಯಪ್ ಅದನ್ನು ಇನ್ನೊಮ್ಮೆ ಹಿಂಡುತ್ತದೆ.