ಶಿಬಿರ ಮುಗಿಯಿತು, ಕಲಿತದ್ದೇನು?

ಕುಂದಾಪುರ, ಬೈಂದೂರು, ಬ್ರಹ್ಮಾವರ ಪರಿಸರದ ಕಾಲೇಜುಗಳಲ್ಲಿ ಪದವಿ ಓದುವ ಮಕ್ಕಳು ಪಾಠದೊಡನೆ ರಾಷ್ಟ್ರೀಯ ಸೇವಾ ಯೋಜನೆ, ಎನ್.ಸಿ.ಸಿ., ಯಕ್ಷಗಾನ ಸಂಘ ಎಂದು ಹಲವು ಕಡೆ ದುಡಿದು ಪ್ರಮಾಣಪತ್ರಗಳನ್ನು ಮನೆಗೆ ತರುತ್ತಾರೆ. ತಂದೆತಾಯಿಯರಿಗೆ ಸಂತೋಷವೇ. ಆದರೆ ಮಕ್ಕಳು ಅಲ್ಲಿ ಕಲಿತದ್ದೇನೆಂದು ಕೇಳುವವರು ವಿರಳ.

ಸೇವಾ ಯೋಜನೆಯು 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಯಿತು. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ದುಡಿಯಬೇಕು. ಜೊತೆಗೆ ಏಳು ದಿನಗಳ ವಿಶೇಷ ಶಿಬಿರ. ಗಂಟೆಯ ಲೆಕ್ಕವೇನೋ ಸರಿ. ಮರವಂತೆಯ ಮರಳಿನಲ್ಲಿ ಕಸ ಹೆಕ್ಕಿದ ಇಬ್ಬರಿಗೂ ಗಂಟೆ ಒಂದೇ. ಒಬ್ಬನು ಆ ಕಸ ಹೊಳೆಯಿಂದ ಬಂದುದೆಷ್ಟು, ಪ್ರವಾಸಿಗರು ಎಸೆದುದೆಷ್ಟು ಎಂದು ವಿಂಗಡಿಸಿ ಪಂಚಾಯತಿಯ ಮುಂದೆ ವಿವರಿಸಬಲ್ಲ. ಇನ್ನೊಬ್ಬನು ಭಾವಚಿತ್ರ ತೆಗೆಸಿಕೊಂಡು ಹಿಂದಿರುಗಿದ. ಹಾಜರಿ ಪುಸ್ತಕಕ್ಕೆ ಈ ಅಂತರ ತಿಳಿಯದು. ಎನ್.ಸಿ.ಸಿ.ಯ ಮಾತು ಬೇರೆ. ಅಲ್ಲಿ ‘ಬಿ’, ‘ಸಿ’ ಪ್ರಮಾಣಪತ್ರಗಳಿಗೆ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆಗಳುಂಟು.

ಕಲಿಕೆಯನ್ನು ಅಳೆಯುವ ಇನ್ನೂ ಹಳೆಯ ಕ್ರಮವೊಂದು ಈ ನೆಲದಲ್ಲಿಯೇ ಇದೆ. ಬಡಗುತಿಟ್ಟಿನ ಮೇಳಗಳಲ್ಲಿ ಹೊಸಬನಿಗೆ ಮೊದಲು ದೊರೆಯುತ್ತಿದ್ದುದು ಕೋಡಂಗಿ ವೇಷ. ಹೆಜ್ಜೆ ತಾಳಕ್ಕೆ ಕೂಡಿದರೆ ಬಾಲಗೋಪಾಲ, ಬಳಿಕ ಪೀಠಿಕೆಯ ಸ್ತ್ರೀವೇಷ, ಆಮೇಲೆ ಪ್ರಸಂಗದ ಸಣ್ಣ ಪಾತ್ರ. ಅಂಕಪಟ್ಟಿ ಬರೆಯುವವರಿರಲಿಲ್ಲ; ಮುಂದಿನ ವೇಷ ಕೊಟ್ಟರೆಂದರೆ ತೇರ್ಗಡೆ. ತಪ್ಪಿದಲ್ಲಿ ಹಿರಿಯರು ಚೌಕಿಯಲ್ಲಿಯೇ ತಪ್ಪನ್ನು ತೋರಿಸುತ್ತಿದ್ದರು, ಕೆಲವೊಮ್ಮೆ ಬೈಗುಳದೊಡನೆ. ಆ ಬೈಗುಳ ಬೇಡ, ಆ ಕಣ್ಣು ಬೇಕು.

ಸಹಪಠ್ಯ ಚಟುವಟಿಕೆಗಳಿಗೂ ಪದವಿಯಲ್ಲಿ ಅಂಕ ಕೊಡುವ ಪದ್ಧತಿ ಬಂದ ಮೇಲೆ ಈ ಪ್ರಶ್ನೆ ಗಂಭೀರವಾಗಿದೆ. ಎಲ್ಲರಿಗೂ ಒಂದೇ ತೆರನಾಗಿ ಹಂಚಿದರೆ ದುಡಿದವರಿಗೆ ಅನ್ಯಾಯ. ವೇದಿಕೆಯಲ್ಲಿ ಮಿಂಚಿದವರಿಗಷ್ಟೇ ಕೊಟ್ಟರೆ ತೆರೆಯ ಹಿಂದೆ ಖರ್ಚಿನ ಲೆಕ್ಕವಿಟ್ಟ, ಶಿಬಿರದ ಅಡುಗೆಯನ್ನು ನಿಭಾಯಿಸಿದ ಹುಡುಗಿಗೆ ಅನ್ಯಾಯ. ಸಂಜೆಯ ಬಸ್ಸು ಹಿಡಿಯಲು ಅಭ್ಯಾಸದ ನಡುವೆಯೇ ಎದ್ದು ಹೋಗಬೇಕಾದ ಹಳ್ಳಿಯ ಮಕ್ಕಳ ಕಥೆಯೂ ಇದೇ.

ಉಪಾಯ ಕಷ್ಟದ್ದೇನಲ್ಲ. ಆರಂಭದಲ್ಲಿ ‘ನನಗೆ ಬಾರದ್ದು ಯಾವುದು’ ಎಂದು ಪ್ರತಿಯೊಬ್ಬರೂ ಒಂದು ಪುಟ ಬರೆಯಲಿ. ಕೊನೆಯಲ್ಲಿ ಅದನ್ನು ಮುಂದಿಟ್ಟುಕೊಂಡು ಅಧ್ಯಾಪಕರು ಹತ್ತು ನಿಮಿಷ ಮಾತನಾಡಿಸಲಿ. ನೂರು ಮಂದಿಯ ಘಟಕಕ್ಕೆ ಯೋಜನಾಧಿಕಾರಿ ಒಬ್ಬರೇ, ಬಿಡುವೆಲ್ಲಿ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಶಿಬಿರಕ್ಕೆ ಬರುವವರು ಸಾಮಾನ್ಯವಾಗಿ 50 ಮಂದಿ. ಅಷ್ಟು ಜನಕ್ಕೆ ಬೇಕಾಗುವುದು 500 ನಿಮಿಷ, ಅಂದರೆ ದಿನಕ್ಕೆ ಒಂದು ಗಂಟೆಗಿಂತ ತುಸು ಹೆಚ್ಚು. ಪ್ರತಿ ಸಂಜೆ ಅತಿಥಿಗಳ ಒಂದು ಭಾಷಣವನ್ನು ಕೈಬಿಟ್ಟರೆ ಸಾಕು.